ಕಂಪ್ಯೂಟರಿನ ಹಿಂಬಾಗಿಲು: ಗುರುತಿಸುವ ಮತ್ತು ಮುಚ್ಚುವ ಕ್ರಮ

ನಮ್ಮ ಸದಸ್ಯರ ಮನೆಗಳಲ್ಲಿ ಕಂಪ್ಯೂಟರು ಈಗ ಕೇವಲ ಮಕ್ಕಳ ಓದಿನ ಸಾಧನವಾಗಿ ಉಳಿದಿಲ್ಲ. ತೋಟದ ಜಮಾ-ಖರ್ಚು, ಆಳುಗಳ ಬಟವಾಡೆ ಪಟ್ಟಿ, ತೆರಿಗೆಯ ವಿವರ, ಬ್ಯಾಂಕಿನ ವ್ಯವಹಾರ ಎಲ್ಲವೂ ಅದರಲ್ಲಿ ಸೇರಿವೆ. ಕಾಫಿ, ಅಡಿಕೆ ಮಾರಿದ ಹಣ ಖಾತೆಗೆ ಬರುವ ದಿನಗಳಲ್ಲಿ ವರ್ಷದ ದುಡಿಮೆಯೇ ಆ ಯಂತ್ರದ ಮೂಲಕ ಹಾದುಹೋಗುತ್ತದೆ. ಆದಕಾರಣ ಅದಕ್ಕೆ ತಗಲುವ ಒಂದು ಕೆಟ್ಟ ರೋಗದ ಬಗ್ಗೆ ಇಲ್ಲಿ ವಿಚಾರ ಮಾಡೋಣ.

ಹಿಂಬಾಗಿಲು ಎಂದರೇನು?

ಕಂಪ್ಯೂಟರಿಗೆ ಯಜಮಾನನು ಪಾಸ್‌ವರ್ಡ್ ಕೊಟ್ಟು ಪ್ರವೇಶಿಸುವುದು ಮುಂಬಾಗಿಲು. ಅವನಿಗೆ ತಿಳಿಯದಂತೆ ಪರರು ಬಂದುಹೋಗಲು ಮಾಡಿಟ್ಟ ಗುಪ್ತ ದಾರಿಗೆ ಬ್ಯಾಕ್‌ಡೋರ್, ಅಂದರೆ ಹಿಂಬಾಗಿಲು ಎಂದು ಹೆಸರು. ಇದೂ ಒಂದು ಪ್ರೋಗ್ರಾಂ. ಒಳಹೊಕ್ಕ ಮೇಲೆ ಇದು ಸದ್ದಿಲ್ಲದೆ ಕುಳಿತು, ದೂರದಲ್ಲಿರುವ ತನ್ನ ಒಡೆಯನ ಆಜ್ಞೆಯನ್ನು ಕಾಯುತ್ತದೆ. ನಾವು ಒತ್ತುವ ಕೀಲಿಗಳನ್ನು ಬರೆದುಕೊಳ್ಳುವುದು, ಪರದೆಯ ಚಿತ್ರ ಕಳಿಸುವುದು, ಕಡತಗಳನ್ನು ನಕಲು ಮಾಡುವುದು, ಬೇರೆ ದುಷ್ಟ ಪ್ರೋಗ್ರಾಂಗಳನ್ನು ಒಳಗೆ ಕರೆತರುವುದು ಇದರ ಕೆಲಸ.

1998ರಲ್ಲಿ ಅಮೆರಿಕದ ಒಂದು ಹ್ಯಾಕರ್ ತಂಡ ಬಿಡುಗಡೆ ಮಾಡಿದ 'ಬ್ಯಾಕ್ ಓರಿಫಿಸ್' ಎಂಬ ಪ್ರೋಗ್ರಾಂ ಈ ಜಾತಿಯ ಪ್ರಸಿದ್ಧ ಉದಾಹರಣೆ. ಅದು ಬಾಗಿಲು ತೆರೆದಿಟ್ಟು ಹೊರಗಿನವರು ಬರುವುದನ್ನು ಕಾಯುತ್ತಿತ್ತು. ಈಗಿನವು ಹೆಚ್ಚಾಗಿ ತಾವೇ ಒಳಗಿನಿಂದ ಒಡೆಯನಿಗೆ ಕರೆ ಕಳಿಸುತ್ತವೆ. ಗೇಟಿನ ಕಾವಲುಗಾರ ಹೊರಗಿನಿಂದ ಬರುವವರನ್ನು ತಡೆದಾನು. ಮನೆಯೊಳಗಿನಿಂದ ಹೊರಟವನನ್ನು ಕೇಳಲಾರ. ಫೈರ್‌ವಾಲ್ ಇದ್ದರೂ ಹಿಂಬಾಗಿಲು ಕೆಲಸ ಮಾಡಲು ಇದೇ ಕಾರಣ.

ಒಳಗೆ ಬರುವ ದಾರಿಗಳು

ಹಣ ಕೊಟ್ಟು ಕೊಳ್ಳಬೇಕಾದ ಸಾಫ್ಟ್‌ವೇರನ್ನು 'ಕ್ರ್ಯಾಕ್' ಮಾಡಿ ಪುಕ್ಕಟೆ ಹಾಕಿಕೊಳ್ಳುವುದು ಮೊದಲನೆಯ ದಾರಿ. ಕ್ರ್ಯಾಕ್ ಹಾಕುವಾಗ 'ಆಂಟಿವೈರಸ್ ಆರಿಸಿ' ಎಂಬ ಸೂಚನೆ ಬರುವುದುಂಟು. ಆರಿಸಿದೊಡನೆ ಕಾವಲು ಹೋಯಿತು. ಬಿಲ್ಲು, ಕೊರಿಯರ್ ಚೀಟಿ, ನೋಟೀಸು ಎಂಬ ಹೆಸರಿನಲ್ಲಿ ಇ-ಮೇಲಿಗೆ ಬರುವ ಕಡತಗಳು ಎರಡನೆಯವು. ಬ್ಯಾಂಕಿನವರೆಂದು ಫೋನ್ ಮಾಡಿ, ದೂರದಿಂದ ಯಂತ್ರ ನಡೆಸುವ ಪ್ರೋಗ್ರಾಂ ಹಾಕಿಸುವವರು ಮೂರನೆಯವರು. ಕೈಯಿಂದ ಕೈಗೆ ಓಡಾಡುವ ಪೆನ್‌ಡ್ರೈವ್ ಕೂಡ ಈ ಸಾಲಿಗೆ ಸೇರುತ್ತದೆ.

ಎಚ್ಚರದಿಂದಿದ್ದವರಿಗೂ ತಗಲಿದ ಸಂದರ್ಭವಿದೆ. 2017ರ ಆಗಸ್ಟ್ 15ರಿಂದ ಸೆಪ್ಟೆಂಬರ್ 12ರವರೆಗೆ, ಕಂಪ್ಯೂಟರಿನ ಕಸ ತೆಗೆಯುವ 'ಸಿಕ್ಲೀನರ್' ಪ್ರೋಗ್ರಾಂನ 5.33ನೇ ಆವೃತ್ತಿಯಲ್ಲಿ, ತಯಾರಕರ ಸ್ವಂತ ತಾಣದಲ್ಲಿಯೇ, ಹಿಂಬಾಗಿಲು ಸೇರಿಕೊಂಡಿತ್ತು. ಸುಮಾರು 22.7 ಲಕ್ಷ ಬಳಕೆದಾರರಿಗೆ ಅದು ತಲುಪಿತು. ಹೊಸ ಆವೃತ್ತಿ ಹಾಕಿಕೊಂಡರೆ ಸಾಕೆಂದು ಸಂಸ್ಥೆ ಮೊದಲು ತಿಳಿಸಿತು. ಆದರೆ ಆ ಬಾಗಿಲಿನಿಂದ ಕೆಲವು ಆಯ್ದ ತಂತ್ರಜ್ಞಾನ ಸಂಸ್ಥೆಗಳ ಯಂತ್ರಗಳಿಗೆ ಎರಡನೆಯ ದುಷ್ಟ ಪ್ರೋಗ್ರಾಂ ಹೋಗಿದ್ದುದು ಪತ್ತೆಯಾಯಿತು. ತೊಂದರೆಗೊಳಗಾದವರು ಹಳೆಯ ಬ್ಯಾಕಪ್ಪಿನಿಂದ ಯಂತ್ರವನ್ನು ಪುನಃ ಸಿದ್ಧಪಡಿಸಬೇಕೆಂದು ಸಿಸ್ಕೊದ ಟ್ಯಾಲೋಸ್ ವಿಭಾಗದ ತಜ್ಞರು ಸಲಹೆ ಮಾಡಿದರು.

ಇದರಲ್ಲಿ ನಮಗೆ ಪಾಠವಿದೆ. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಹಿಡಿದಾಗ ಹೊರಗೆ ಕಾಣುವುದು ತೊಗಟೆಯ ಉಬ್ಬುಗೆರೆ ಮಾತ್ರ, ಹುಳ ಕಾಂಡದೊಳಗಿರುತ್ತದೆ. ಬೋರರ್ ಹಿಡಿದ ಗಿಡವನ್ನು ಟ್ರೇಸ್ ಮಾಡಿ, ಕಿತ್ತು, ಸುಡುತ್ತೇವೆಯೇ ಹೊರತು ಮೇಲೆ ಒರೆಸಿ ಬಿಡುವುದಿಲ್ಲ. ಹಿಂಬಾಗಿಲಿಗೂ ಇದೇ ನ್ಯಾಯ.

ಲಕ್ಷಣಗಳು

ಆಂಟಿವೈರಸ್ ತಾನಾಗಿ ಆರಿರುವುದು. ಮೌಸಿನ ಬಾಣ ತಾನೇ ಚಲಿಸುವುದು. ಬಳಸದಿದ್ದಾಗಲೂ ಕ್ಯಾಮೆರಾದ ದೀಪ ಹೊತ್ತುವುದು. ಇಂಟರ್‌ನೆಟ್ ಡೇಟಾ ಕಾರಣವಿಲ್ಲದೆ ಖರ್ಚಾಗುವುದು. ನಮ್ಮ ಇ-ಮೇಲಿಗೆ ಬೇರೆ ಊರಿನಿಂದ ಪ್ರವೇಶವಾದ ಸೂಚನೆ ಬರುವುದು. ಇವುಗಳಲ್ಲಿ ಒಂದೂ ಕಾಣದೆ ರೋಗವಿರಬಹುದೆಂಬುದನ್ನೂ ಮರೆಯಬಾರದು.

ತೆಗೆಯುವ ಕ್ರಮ

1. ಮೊದಲು ಇಂಟರ್‌ನೆಟ್ ಸಂಪರ್ಕ ಕಡಿಯಿರಿ. ತಂತಿ ಕೀಳಿ, ವೈಫೈ ಆರಿಸಿ. ಒಡೆಯನ ಆಜ್ಞೆ ತಲುಪದಿದ್ದರೆ ಹೊಸ ಹಾನಿ ನಿಲ್ಲುತ್ತದೆ.

2. ಬೇರೊಂದು ಶುದ್ಧ ಯಂತ್ರದಿಂದ ಪಾಸ್‌ವರ್ಡುಗಳನ್ನು ಬದಲಿಸಿ. ಮೊದಲು ಇ-ಮೇಲ್, ಅನಂತರ ಬ್ಯಾಂಕು. ಬ್ಯಾಂಕಿನ ಪಾಸ್‌ವರ್ಡನ್ನು ಇ-ಮೇಲ್ ಮೂಲಕವೇ ಬದಲಿಸಲು ಸಾಧ್ಯವಿರಬಹುದಾದ್ದರಿಂದ ಈ ಅನುಕ್ರಮ. ಎಲ್ಲ ಉಪಕರಣಗಳಿಂದ ಸೈನ್‌ಔಟ್ ಮಾಡುವ ಸೌಲಭ್ಯವನ್ನೂ ಬಳಸಿ. ಸೋಂಕು ಹತ್ತಿದ ಯಂತ್ರದಲ್ಲಿಯೇ ಬದಲಿಸಿದರೆ ಹೊಸ ಪಾಸ್‌ವರ್ಡೂ ಕಳ್ಳನ ಕೈ ಸೇರುತ್ತದೆ.

3. ವಿಂಡೋಸ್ 10 ಮತ್ತು 11ರಲ್ಲಿ 'ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್' ಎಂಬ ಸೌಲಭ್ಯವಿದೆ. ಅದನ್ನು ನಡೆಸಿ. ವಿಂಡೋಸ್ ನಡೆಯುತ್ತಿರುವಾಗ ದುಷ್ಟ ಪ್ರೋಗ್ರಾಂ ತನ್ನನ್ನು ಮರೆಮಾಚಿಕೊಳ್ಳಬಲ್ಲದು; ವಿಂಡೋಸ್ ಏಳುವ ಮುನ್ನವೇ ಹುಡುಕಿದರೆ ಅದಕ್ಕೆ ಆ ಅವಕಾಶವಿಲ್ಲ.

4. ಯಂತ್ರ ಹೊತ್ತಿಸಿದಾಗಲೆಲ್ಲ ಮತ್ತೆ ಎದ್ದೇಳಲು ಹಿಂಬಾಗಿಲು ಎಲ್ಲಿಯಾದರೂ ಹೆಸರು ನೋಂದಾಯಿಸಿರಲೇಬೇಕು. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿ, ಟಾಸ್ಕ್ ಶೆಡ್ಯೂಲರ್, ಹಾಕಿರುವ ಪ್ರೋಗ್ರಾಂಗಳ ಪಟ್ಟಿ, ಬ್ರೌಸರಿನ ಎಕ್ಸ್‌ಟೆನ್ಷನ್‌ಗಳು, ಇವನ್ನು ನೋಡಿ. ಪರಿಚಯವಿಲ್ಲದ ಹೆಸರು ಕಂಡೊಡನೆ ಅಳಿಸಬೇಡಿ. ಬರೆದಿಟ್ಟುಕೊಂಡು ಬಲ್ಲವರನ್ನು ಕೇಳಿ.

5. ಹಿಂಬಾಗಿಲು ಇದ್ದುದು ಖಚಿತವಾದರೆ, ಅಥವಾ ಸಂಶಯ ಉಳಿದರೆ, ಡಿಸ್ಕನ್ನು ಪೂರ್ತಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಸುವುದೇ ಭದ್ರವಾದ ಉಪಾಯ. ಅದಕ್ಕೆ ಮುನ್ನ ಲೆಕ್ಕಪತ್ರ, ಫೋಟೋಗಳನ್ನು ಮಾತ್ರ ನಕಲು ಮಾಡಿಕೊಳ್ಳಿ, ಪ್ರೋಗ್ರಾಂಗಳನ್ನು ನಕಲಿಸಬೇಡಿ. ಹೊಸದಾಗಿ ಹಾಕಲು ಬೇಕಾದ ಪೆನ್‌ಡ್ರೈವನ್ನು ಬೇರೆ ಯಂತ್ರದಲ್ಲಿ ತಯಾರಿಸಿ.

6. ಹಣ ಹೋಗಿದ್ದರೆ ಮೇಲಿನ ಯಾವುದಕ್ಕೂ ಕಾಯದೆ ಬ್ಯಾಂಕಿಗೆ ಮತ್ತು 1930 ಸಂಖ್ಯೆಯ ಸಹಾಯವಾಣಿಗೆ ತಿಳಿಸಿ. ಆಗ ಯಂತ್ರವನ್ನು ಅಳಿಸುವ ಮೊದಲು ಪೊಲೀಸರ ಸಲಹೆ ಪಡೆಯಿರಿ, ಅದರಲ್ಲಿ ಸಾಕ್ಷ್ಯವಿರುತ್ತದೆ.

ಮುಂಜಾಗ್ರತೆ

ಮಳೆಗೆ ಮೊದಲೇ ಅಡಿಕೆಗೆ ಬೋರ್ಡೋ ಸಿಂಪಡಿಸುವ ನಮಗೆ ಮುಂಜಾಗ್ರತೆಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕ್ರ್ಯಾಕ್ ಸಾಫ್ಟ್‌ವೇರ್ ಬೇಡ. ಅಪ್‌ಡೇಟುಗಳನ್ನು ತಡೆಹಿಡಿಯಬೇಡಿ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆಯೆಂಬುದು ನೆನಪಿರಲಿ. ದಿನನಿತ್ಯದ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ ಅಲ್ಲದ ಖಾತೆಯನ್ನು ಬಳಸಿ. ವಾರಕ್ಕೊಮ್ಮೆ ಲೆಕ್ಕಪತ್ರವನ್ನು ಹೊರಗಿನ ಡಿಸ್ಕಿಗೆ ನಕಲಿಸಿ, ಆ ಡಿಸ್ಕನ್ನು ಕಳಚಿಡಿ. ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವು ಶುದ್ಧೀಕರಣದ ಉಪಕರಣಗಳನ್ನು ಉಚಿತವಾಗಿ ಒದಗಿಸುತ್ತದೆ.

ಮೇಲಿನ ಆರು ಕ್ರಮಗಳನ್ನು ಒಂದು ಕಾಗದದ ಮೇಲೆ ಬರೆದು ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿಕೊಳ್ಳಬೇಕೆಂದು ಸದಸ್ಯರಲ್ಲಿ ಕೋರುತ್ತೇವೆ. ಬೇಕಾದ ಹೊತ್ತಿಗೆ ಈ ಲೇಖನವನ್ನು ಅದೇ ಯಂತ್ರದಲ್ಲಿ ಹುಡುಕುವಂತಾಗಬಾರದು.