ಮೋಟರ್ ಕೊಳ್ಳುವ ಮೊದಲು ಸೋರಿಕೆ ಹುಡುಕು

ತಮ್ಮಾ, ಅಜ್ಜನ ಕಾಲದ ಪೆಟ್ರೋಲ್ ಜೀಪನ್ನು ಶೆಡ್ಡಿನಿಂದ ಹೊರಗೆ ತಂದು ಮತ್ತೆ ಸಂಸೆಯ ರಸ್ತೆಗೆ ಇಳಿಸಿದ್ದೀಯ. ಬಹಳ ಸಂತೋಷ. ಏರು ಬಂದ ಕೂಡಲೇ ವೈಪರ್ ನಿಂತುಬಿಡುತ್ತದೆ, ಹೊಸ ಮೋಟರ್ ತರಿಸಲೇ ಎಂದು ಕೇಳಿದೆಯಲ್ಲ, ಸ್ವಲ್ಪ ತಡೆ. ಗಾಳಿ ಎಲ್ಲಿ ಸೋರುತ್ತಿದೆ ಎಂದು ನೋಡದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡ.

ಆ ವೈಪರಿಗೆ ಕರೆಂಟಿನ ಸಂಬಂಧವೇ ಇಲ್ಲ. ಎಂಜಿನ್ ಉಸಿರೆಳೆಯುವಾಗ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಹುಟ್ಟುವ ವ್ಯಾಕ್ಯೂಮ್ ಸಣ್ಣ ರಬ್ಬರ್ ಪೈಪಿನಲ್ಲಿ ಗಾಜಿನ ಮೇಲಿನ ಮೋಟರಿಗೆ ಹೋಗುತ್ತದೆ. ಮೋಟರಿನೊಳಗೆ ಒಂದು ರೆಕ್ಕೆಯಿದೆ. ವಾಲ್ವು ಒಮ್ಮೆ ಅದರ ಈ ಬದಿಗೆ, ಒಮ್ಮೆ ಆ ಬದಿಗೆ ಹೀರುವಿಕೆಯನ್ನು ತಿರುಗಿಸುತ್ತದೆ, ಕಡ್ಡಿ ಆಡುತ್ತದೆ.

ಆಕ್ಸಿಲರೇಟರ್ ಒತ್ತಿದಷ್ಟೂ ವ್ಯಾಕ್ಯೂಮ್ ಇಳಿಯುತ್ತದೆ. ಆದ್ದರಿಂದ ಏರಿನಲ್ಲಿ ವೈಪರ್ ಮಂದವಾಗುವುದು, ಇಳಿಜಾರಿನಲ್ಲಿ ಕಾಲು ತೆಗೆದಾಗ ಚುರುಕಾಗುವುದು ಅದರ ಸ್ವಭಾವ, ಕಾಯಿಲೆಯಲ್ಲ. ಒಂದು ಗೇರ್ ಕೆಳಗೆ ಹಾಕಿ ಕಾಲು ಹಗುರ ಮಾಡು, ಕಡ್ಡಿ ಮತ್ತೆ ಏಳುತ್ತದೆ. ಸಮತಟ್ಟಿನಲ್ಲಿ, ಸ್ಲೋ ಓಟದಲ್ಲೂ ತೆವಳಿದರೆ ಮಾತ್ರ ಕಾಯಿಲೆ ಎಂದು ತಿಳಿ.

ಪರೀಕ್ಷೆ ಹೀಗೆ. ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು ಎಂಜಿನ್ ಸ್ಲೋನಲ್ಲಿ ಬಿಡು. ಮೋಟರಿನ ತುದಿಯಲ್ಲಿ ಪೈಪ್ ಕಳಚಿ ಹೆಬ್ಬೆರಳಿನಿಂದ ಮುಚ್ಚು. ಬೆರಳನ್ನು ಗಟ್ಟಿಯಾಗಿ ಹೀರಿ ಹಿಡಿದರೆ ಪೈಪ್ ಚೆನ್ನಾಗಿದೆ, ತೊಂದರೆ ಮೋಟರಿನದು. ಹಿಡಿತ ಸಪ್ಪೆಯಾಗಿದ್ದರೆ ಒಂದೊಂದೇ ಜೋಡಣೆ ಹಿಂದಕ್ಕೆ ಬರುತ್ತಾ ಮ್ಯಾನಿಫೋಲ್ಡಿನವರೆಗೆ ಬಾ. ಅಲ್ಲಿ ಪೈಪ್ ಕಳಚಿ ನಳಿಗೆಯ ಬಾಯಿ ಮುಚ್ಚಿದಾಗ, ನಡುಗುತ್ತಿದ್ದ ಎಂಜಿನ್ ನಯವಾಗಿ ಓಡಿತೋ, ಸೋರಿಕೆ ನಿನ್ನ ಕೈಯಲ್ಲಿರುವ ಆ ಪೈಪಿನಿಂದ ಮುಂದೆ ಎಲ್ಲೋ ಇದೆ.

ಸೋಪಿನ ನೀರು ಹಚ್ಚಿದರೆ ಇಲ್ಲಿ ಗುಳ್ಳೆ ಏಳುವುದಿಲ್ಲ, ಗಾಳಿ ಒಳಗೆ ಹೋಗುತ್ತದೆಯೇ ಹೊರತು ಹೊರಗೆ ಬರುವುದಿಲ್ಲ. ಮೊಳದುದ್ದದ ಪೈಪಿನ ತುಂಡನ್ನು ಕಿವಿಗೆ ಇಟ್ಟು ಇನ್ನೊಂದು ತುದಿಯನ್ನು ಜೋಡಣೆಗಳ ಬಳಿ ಆಡಿಸು. ಸುಸ್ಸೆಂಬ ಸದ್ದೇ ಜಾಗ ತೋರಿಸುತ್ತದೆ. ಕೆಲವರು ಪೆಟ್ರೋಲ್ ಚಿಮುಕಿಸಿ ನೋಡುತ್ತಾರೆ. ಬಿಸಿ ಎಂಜಿನ್ ಮೇಲೆ ಆ ಕೆಲಸಕ್ಕೆ ಯಾವತ್ತೂ ಕೈ ಹಾಕಬೇಡ.

ಹೆಚ್ಚಿನ ಸಲ ತಪ್ಪು ಪೈಪಿನದೇ. ವರ್ಷಗಟ್ಟಲೆ ನಿಂತ ಜೀಪಿನಲ್ಲಿ ರಬ್ಬರ್ ಒಣಗಿ ಸೀಳಿರುತ್ತದೆ, ಇಲ್ಲವೇ ಇಲಿ ಕಡಿದಿರುತ್ತದೆ. ಬದಲಿಸುವಾಗ ತೆಳು ಪೆಟ್ರೋಲ್ ಪೈಪ್ ಹಾಕಬೇಡ. ವ್ಯಾಕ್ಯೂಮಿಗೆ ಅದು ಒಳಗೇ ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ. ದಪ್ಪ ಗೋಡೆಯ ವ್ಯಾಕ್ಯೂಮ್ ಪೈಪನ್ನೇ ಕೇಳಿ ತಗೋ. ಮೋಟರಿನದೇ ತಪ್ಪಾದರೆ, ಪೈಪ್ ತೆಗೆದು ಕಡ್ಡಿಯನ್ನು ಕೈಯಿಂದ ಆಡಿಸಿ ನೋಡು. ಬಿಗಿಯಾಗಿದ್ದರೆ ಹೊಲಿಗೆ ಮಿಷನ್ ಎಣ್ಣೆಯಂಥ ತೆಳು ಎಣ್ಣೆ ನಾಲ್ಕು ಹನಿ ಬಿಟ್ಟು ಆಡಿಸುತ್ತಿರು. ಒಣಗಿದ ರೆಕ್ಕೆಯ ಅಂಚು ಮೆತ್ತಗಾದರೆ ಹಳೆ ಮೋಟರಿಗೇ ಜೀವ ಬರುತ್ತದೆ. ಗ್ರೀಸ್ ಮಾತ್ರ ತುಂಬಬೇಡ.

ಇಷ್ಟಾದರೂ ಸರಿಹೋಗದಿದ್ದರೆ ಒಳ್ಳೆ ಮೇಸ್ತ್ರಿಯ ಹತ್ತಿರ ವ್ಯಾಕ್ಯೂಮ್ ಗೇಜ್ ಹಾಕಿಸು. ಆರೋಗ್ಯದ ಪೆಟ್ರೋಲ್ ಎಂಜಿನ್ ಸಮುದ್ರಮಟ್ಟದಲ್ಲಿ ಸ್ಲೋನಲ್ಲಿ ಸುಮಾರು 17ರಿಂದ 21 ಇಂಚು ತೋರಿಸುತ್ತದೆ. ಪ್ರತಿ 1000 ಅಡಿ ಎತ್ತರಕ್ಕೆ ಸುಮಾರು 1 ಇಂಚು ಕಡಿಮೆ, ಹಾಗಾಗಿ ನಮ್ಮ ಗುಡ್ಡದಲ್ಲಿ ಸ್ವಲ್ಪ ಕಡಿಮೆ ಬಂದರೆ ಗಾಬರಿ ಬೇಡ. ಮುಳ್ಳು ಅಲುಗಾಡದೆ ನಿಲ್ಲಬೇಕು. ಕುಣಿದರೆ ಎಂಜಿನ್ ವಾಲ್ವುಗಳನ್ನು ನೋಡಿಸು.

ಈ ಪಾಠ ಜೀಪಿಗಷ್ಟೇ ಅಲ್ಲ. ಅಮೆರಿಕದ ಷೆವ್ರೊಲೆ ಕಾರ್ವೆಟ್ ಕಾರಿನ ಹೆಡ್‌ಲೈಟ್‌ಗಳು 1968ರಿಂದ 1982ರವರೆಗೆ ವ್ಯಾಕ್ಯೂಮಿನಿಂದಲೇ ಮೇಲೇಳುತ್ತಿದ್ದವು. ಒಂದು ದೀಪ ಎದ್ದು ಇನ್ನೊಂದು ಮಲಗಿದರೆ ಅವರೂ ಹುಡುಕುವುದು ಪೈಪು, ಚೆಕ್ ವಾಲ್ವು, ವ್ಯಾಕ್ಯೂಮ್ ಟ್ಯಾಂಕಿನ ಸೋರಿಕೆಯನ್ನೇ. ಚೆಕ್ ವಾಲ್ವಿನ ಪರೀಕ್ಷೆ ಸುಲಭ: ಬಾಯಿಂದ ಊದು, ಒಂದು ಕಡೆಗೆ ಹೋಗಬೇಕು, ಇನ್ನೊಂದು ಕಡೆಗೆ ಹೋಗಬಾರದು.

ಇನ್ನು, ನಿಮ್ಮ ಮನೆಯ ಡೀಸೆಲ್ ಜೀಪಿನ ಬ್ರೇಕ್ ಬೂಸ್ಟರ್ ಕೂಡ ವ್ಯಾಕ್ಯೂಮನ್ನೇ ನಂಬಿದೆ. ಅದಕ್ಕೆ ಬೇರೆ ಪಂಪ್ ಇರುತ್ತದೆ. ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತು, ಒತ್ತಿ ಹಿಡಿದೇ ಸ್ಟಾರ್ಟ್ ಮಾಡು. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ಆ ಗಾಡಿಯನ್ನು ಕುದುರೆಮುಖದ ಕಡೆ ಆಗಲಿ, ಕಳಸದ ಕಡೆ ಆಗಲಿ ಇಳಿಸಲೇಬೇಡ.

ಮೃಗಶಿರ ಮಳೆ ಹಿಡಿಯುವ ಮೊದಲು ಎರಡೂ ಗಾಡಿಯ ಪೈಪುಗಳನ್ನು ಈ ಕ್ರಮದಲ್ಲೇ ನೋಡಿ ಮುಗಿಸು. ವೈಪರ್ ಸರಿಯಾಗುವವರೆಗೆ ಅಜ್ಜನ ಜೀಪು ಬಿಸಿಲಿನ ದಿನಕ್ಕಷ್ಟೇ ಇರಲಿ.