ಎಂಜಿನ್ ತಾನಾಗಿ ನಿಲ್ಲುವುದೇಕೆ?

ಕಲಾ ವಿಭಾಗದ ವಿದ್ಯಾರ್ಥಿಗೆ ಯಂತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ನಮ್ಮಲ್ಲಿಯೂ ಅನೇಕರು ಕಾಲೇಜಿಗೆ ಬರುವುದು ಮೋಟಾರ್ ಸೈಕಲ್ಲಿನ ಮೇಲೆಯೇ ಅಲ್ಲವೆ? ಅಪಾಯದ ಸಮಯದಲ್ಲಿ ಎಂಜಿನ್ನನ್ನು ನಿಲ್ಲಿಸುವ ಏರ್ಪಾಡು ಆ ವಾಹನದಲ್ಲಿಯೇ ಉಂಟು. ಅದನ್ನು ಅರಿಯದೆ ನಾನು ಮಾಡಿದ ತಪ್ಪೇ ಈ ಲೇಖನಕ್ಕೆ ಕಾರಣ.

ಪೆಟ್ರೋಲ್ ಎಂಜಿನ್ ಓಡಬೇಕಾದರೆ ಗಾಳಿ, ಪೆಟ್ರೋಲು, ಸ್ಪಾರ್ಕ್ ಪ್ಲಗ್ಗಿನ ಕಿಡಿ ಈ ಮೂರೂ ಬೇಕು. ಕಿಡಿಯನ್ನಾಗಲಿ ಪೆಟ್ರೋಲನ್ನಾಗಲಿ ತಡೆದರೆ ಎಂಜಿನ್ ನಿಲ್ಲುತ್ತದೆ. ನಾನು ಹೇಳಹೊರಟಿರುವ ಮೂರು ಏರ್ಪಾಡುಗಳಿಗೂ ಇದೇ ಮೂಲತತ್ತ್ವ.

ಮೊದಲನೆಯದು ಸೈಡ್ ಸ್ಟ್ಯಾಂಡಿನದು. ಸ್ಟ್ಯಾಂಡ್ ತಿರುಗುವ ಕೀಲಿನ ಬಳಿ ಒಂದು ಸಣ್ಣ ಸ್ವಿಚ್ ಇರುತ್ತದೆ. ಸಾಮಾನ್ಯವಾಗಿ, ಗಾಡಿ ನ್ಯೂಟ್ರಲ್ಲಿನಲ್ಲಿದ್ದರೆ ಸ್ಟ್ಯಾಂಡ್ ಇಳಿದಿದ್ದರೂ ಎಂಜಿನ್ ಓಡುತ್ತದೆ. ಗೇರ್ ಹಾಕಿದೊಡನೆ ನಿಂತುಹೋಗುತ್ತದೆ. ಸ್ಟ್ಯಾಂಡ್ ಎಡಗಡೆಯಲ್ಲಿರುವುದರಿಂದ, ಅದನ್ನು ಮಡಚದೆ ಎಡಕ್ಕೆ ತಿರುಗಿದರೆ ಅದು ನೆಲಕ್ಕೆ ತಾಗಿ ಸವಾರನನ್ನು ಕೆಡವಬಹುದು.

ಎರಡನೆಯದು ಗಾಡಿ ಉರುಳಿದಾಗ ಕೆಲಸಮಾಡುವ ಸೆನ್ಸರ್. 2020ರ ಏಪ್ರಿಲ್ 1ರಂದು ಬಿ.ಎಸ್. 6 ನಿಯಮವು ಜಾರಿಗೆ ಬಂದಮೇಲೆ ನಮ್ಮ ದೇಶದ ಹೊಸ ಗಾಡಿಗಳಲ್ಲಿ ಕಾರ್ಬ್ಯುರೇಟರಿನ ಬದಲು ಫ್ಯೂಯೆಲ್ ಇಂಜೆಕ್ಷನ್ ಬಹುಮಟ್ಟಿಗೆ ಬಳಕೆಗೆ ಬಂದಿತು. ಇದರಲ್ಲಿ ವಿದ್ಯುತ್ ಪಂಪು ಪೆಟ್ರೋಲನ್ನು ಒತ್ತಿ ಕಳುಹಿಸುತ್ತದೆ. ಗಾಡಿ ಬಿದ್ದಮೇಲೂ ಪಂಪು ಓಡುತ್ತಿದ್ದರೆ ಬೆಂಕಿಯ ಭಯವಿದೆ. ಆದುದರಿಂದ ಸೆನ್ಸರ್ ಪಂಪನ್ನೂ ಕಿಡಿಯನ್ನೂ ತಡೆಯುತ್ತದೆ. ಹಾಗಾದರೆ ತಿರುವಿನಲ್ಲಿ ವಾಲಿದಾಗ ಎಂಜಿನ್ ಏಕೆ ನಿಲ್ಲುವುದಿಲ್ಲ? ನೀರು ತುಂಬಿದ ಬಕೆಟ್ಟನ್ನು ಜೋರಾಗಿ ಸುತ್ತಿಸಿದರೆ ನೀರು ಚೆಲ್ಲುವುದಿಲ್ಲವಷ್ಟೆ. ಅದೇ ರೀತಿ ತಿರುವಿನಲ್ಲಿ ಎಳೆತವು ಗಾಡಿಯ ತಳದ ಕಡೆಗೇ ಇರುತ್ತದೆ. ಬಿದ್ದಾಗ ಮಾತ್ರ ಪಕ್ಕಕ್ಕೆ ಬರುತ್ತದೆ. ಈ ಭೇದವನ್ನು ಸೆನ್ಸರ್ ಗುರುತಿಸುತ್ತದೆ.

ಮೂರನೆಯದು ಅನೇಕ ಗಾಡಿಗಳ ಬಲ ಹಿಡಿಯ ಬಳಿಯಿರುವ ಕೆಂಪು ಸ್ವಿಚ್. ಹಿಡಿಯಿಂದ ಕೈ ತೆಗೆಯದೆ ಹೆಬ್ಬೆರಳಿನಿಂದಲೇ ಎಂಜಿನ್ ನಿಲ್ಲಿಸಲು ಇದು ಅನುಕೂಲ. ದಾರಿಯಲ್ಲಿ ಯಾರಾದರೂ ಬಿದ್ದಿದ್ದರೆ, ಸಹಾಯಕ್ಕೆ ಹೋದವರೂ ಮೊದಲು ಇದನ್ನು ಒತ್ತಬೇಕು. ಇಲ್ಲದಿದ್ದರೆ ಕೀಲಿಕೈ ತಿರುಗಿಸಬೇಕು.

ಇನ್ನು ನನ್ನ ತಪ್ಪಿನ ಸಂಗತಿ. ಕಳೆದ ಮಳೆಗಾಲದಲ್ಲಿ ನಮ್ಮೂರ ರಸ್ತೆಯ ಕೆಸರು ಸ್ಟ್ಯಾಂಡಿನ ಸ್ವಿಚ್ಚಿಗೆ ತುಂಬಿ, ಗೇರ್ ಹಾಕಿದೊಡನೆ ಗಾಡಿ ನಿಲ್ಲತೊಡಗಿತು. ಪರೀಕ್ಷೆಗೆ ಹೊತ್ತಾಗುತ್ತದೆಂಬ ಆತುರದಲ್ಲಿ, ಸ್ವಿಚ್ಚನ್ನು ಬಿಟ್ಟು ವೈರುಗಳನ್ನು ನೇರವಾಗಿ ಸೇರಿಸೆಂದು ಮೆಕ್ಯಾನಿಕ್ಕಿಗೆ ನಾನೇ ಹೇಳಿದೆ. ಗಾಡಿ ಓಡಿತು, ನಾನು ಪರೀಕ್ಷೆಯನ್ನೂ ಬರೆದೆ. ವಾರದ ಬಳಿಕ, ಮುಸ್ಸಂಜೆಯಲ್ಲಿ ಹೊಲಕ್ಕೆ ಹೊರಟ ಅಪ್ಪ ಸ್ಟ್ಯಾಂಡ್ ಮಡಚಲು ಮರೆತರು. ಎಡ ತಿರುವಿನಲ್ಲಿ ಬಿದ್ದು ಅವರ ಮಣಿಕಟ್ಟು ಮುರಿಯಿತು. ನನ್ನ ಓದಿಗಾಗಿ ದುಡಿದ ಕೈ ಅದು.

ನಡೆದುದನ್ನು ಹೇಳಿಕೊಂಡಾಗ ಅಪ್ಪ ಬಯ್ಯಲಿಲ್ಲ. “ನಿಂಗೆ ಗೊತ್ತಿರ್ಲಿಲ್ಲ ಬಿಡೋ ಮಗಾ” ಎಂದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗನಾದ ನನಗೆ ಆ ಮಾತು ಬಯ್ಗುಳಕ್ಕಿಂತ ಹೆಚ್ಚು ನೋವನ್ನುಂಟುಮಾಡಿತು. ಮರುದಿನವೇ ಹೊಸ ಸ್ವಿಚ್ ಹಾಕಿಸಿದೆ.

ಮಿತ್ರರೇ, ಗಾಡಿ ಹೊರಡಲೊಪ್ಪದಿದ್ದರೆ ಅದರ ಮೇಲೆ ಸಿಟ್ಟಾಗುವ ಮೊದಲು ಸ್ಟ್ಯಾಂಡನ್ನೊಮ್ಮೆ ನೋಡಿರಿ. ಸ್ವಿಚ್ ಕೆಟ್ಟಿದ್ದರೆ ಸರಿಪಡಿಸಿರಿ. ವೈರುಗಳನ್ನು ಮಾತ್ರ ನೇರವಾಗಿ ಸೇರಿಸಬೇಡಿರಿ.