ಅವಳಿ ಮಕ್ಕಳು ಮತ್ತು ಬುದ್ಧಿಮಾಪನ

ಒಂದೇ ಸರಳಿನ ಉದ್ದವನ್ನು ಹತ್ತು ಬಾರಿ ಸೂಕ್ಷ್ಮವಾಗಿ ಅಳೆದರೆ ಹತ್ತು ಸಲವೂ ಒಂದೇ ಉತ್ತರ ದೊರೆಯುವುದಿಲ್ಲ. ಆದುದರಿಂದಲೇ ಪ್ರಯೋಗಶಾಲೆಯಲ್ಲಿ ನಾವು ಪ್ರತಿಯೊಂದು ಅಳತೆಯ ಪಕ್ಕದಲ್ಲಿಯೂ ಅದರ ದೋಷದ ಮಿತಿಯನ್ನು ಬರೆಯುತ್ತೇವೆ. ಮಕ್ಕಳ ಬುದ್ಧಿಯನ್ನು ಅಳೆಯುವಾಗಲಾದರೋ ಈ ಎಚ್ಚರವನ್ನು ಮರೆಯುತ್ತೇವೆ.

ಅಮೆರಿಕದ ಹಲವು ಶಾಲೆಗಳಲ್ಲಿ ಪ್ರತಿಭಾವಂತ ಮಕ್ಕಳಿಗಾಗಿ ವಿಶೇಷ ತರಗತಿಗಳುಂಟು. ಬುದ್ಧಿಲಬ್ಧ ೧೩೦ ಇರಬೇಕೆಂಬುದು ಅಲ್ಲಿ ಅನೇಕ ಕಡೆ ಕಾಣುವ ಕಟ್ಟಳೆ. ಅಂಥ ಶಾಲೆಯೊಂದರಲ್ಲಿ ಅವಳಿ ಸೋದರಿಯರಿದ್ದಾರೆಂದು ಭಾವಿಸೋಣ. ಒಬ್ಬಳಿಗೆ ೧೩೧ ಬಂದಿದೆ, ಇನ್ನೊಬ್ಬಳಿಗೆ ೧೨೭. ಉಪಾಧ್ಯಾಯರು ಮೊದಲನೆಯವಳನ್ನು ಮಾತ್ರ ಶಿಫಾರಸು ಮಾಡಬಹುದೆ?

ಲೆಕ್ಕ ಹಾಕಿ ನೋಡೋಣ. ಒಂದೇ ವಯಸ್ಸಿನ ಮಕ್ಕಳ ಸರಾಸರಿಯನ್ನು ೧೦೦ ಎಂದೂ, ಅಂಕಗಳ ಹರಹನ್ನು ಸೂಚಿಸುವ ಪ್ರಮಾಣ ವಿಚಲನೆಯನ್ನು ೧೫ ಎಂದೂ ಇರಿಸಿ ಬುದ್ಧಿಲಬ್ಧವನ್ನು ಗಣಿಸುತ್ತಾರೆ. ಪರೀಕ್ಷೆಯ ವಿಶ್ವಾಸಾರ್ಹತೆ ೦.೯೬ ಎನ್ನೋಣ, ಇದು ಬಹಳ ಒಳ್ಳೆಯ ಪರೀಕ್ಷೆಯೇ ಸರಿ. ಪೂರ್ಣತೆಗೆ, ಅಂದರೆ ೧ಕ್ಕೆ, ಇನ್ನು ೦.೦೪ ಕಡಿಮೆ. ಅದರ ವರ್ಗಮೂಲ ೦.೨. ಇದನ್ನು ೧೫ರಿಂದ ಗುಣಿಸಿದರೆ ೩ ಬರುತ್ತದೆ. ಒಂದು ಅಂಕದ ಪ್ರಮಾಣ ದೋಷ ಇದೇ. ವ್ಯತ್ಯಾಸದಲ್ಲಿ ಇಬ್ಬರ ದೋಷಗಳೂ ಕೂಡುವುದರಿಂದ ೩ನ್ನು ೨ರ ವರ್ಗಮೂಲದಿಂದ ಗುಣಿಸಬೇಕು, ಸುಮಾರು ೪.೨ ಆಗುತ್ತದೆ. ಸೋದರಿಯರ ನಡುವಣ ಅಂತರವೋ ಕೇವಲ ೪! ಮತ್ತೊಂದು ದಿನ ಪರೀಕ್ಷಿಸಿದರೆ ಅವರ ಸ್ಥಾನಗಳು ಅದಲುಬದಲಾದರೂ ಆಶ್ಚರ್ಯವಿಲ್ಲ.

ಅವಳಿಗಳೆಂದ ಮಾತ್ರಕ್ಕೆ ಇಬ್ಬರೂ ಸರಿಸಮರೆಂದು ನಾವು ಹೇಳುತ್ತಿಲ್ಲ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ೧೯೮೧ರಲ್ಲಿ ಬೌಚಾರ್ಡ್ ಮತ್ತು ಮೆಕ್‌ಗ್ಯೂ ಪ್ರಕಟಿಸಿದ ಲೆಕ್ಕದಂತೆ, ಒಟ್ಟಿಗೆ ಬೆಳೆದ ಸಮರೂಪಿ ಅವಳಿಗಳ ಬುದ್ಧಿಲಬ್ಧಗಳ ಸಹಸಂಬಂಧ ೦.೮೬, ಭಿನ್ನರೂಪಿ ಅವಳಿಗಳದು ೦.೬೦. ಎರಡೂ ೧ಕ್ಕಿಂತ ಕಡಿಮೆ. ಅಂತರವು ಇಪ್ಪತ್ತು ಅಂಕಗಳಷ್ಟಿದ್ದರೆ ಅದನ್ನು ದೋಷವೆಂದು ತಳ್ಳಿಹಾಕಲಾಗದು; ಆಗ ಒಬ್ಬೊಬ್ಬಳ ಅಗತ್ಯವನ್ನೂ ಬೇರೆಯಾಗಿಯೇ ವಿಚಾರಿಸಬೇಕು.

ಗೆರೆ ಎಳೆಯುವುದರ ಅಪಾಯಕ್ಕೆ ನಮ್ಮ ಭೌತವಿಜ್ಞಾನದಲ್ಲಿಯೇ ನಿದರ್ಶನವಿದೆ. ಲೂಯಿಸ್ ಟರ್ಮನ್ ೧೯೨೧ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಪ್ರತಿಭಾವಂತ ಮಕ್ಕಳನ್ನು ಆರಿಸತೊಡಗಿದರು. ಪರೀಕ್ಷೆಗೆ ಒಳಗಾಗಿಯೂ ಆಯ್ಕೆಯಾಗದೆ ಉಳಿದ ಬಾಲಕರಲ್ಲಿ ವಿಲಿಯಂ ಷಾಕ್ಲಿ, ಲೂಯಿಸ್ ಆಲ್ವರೆಜ್ ಇದ್ದರು. ಮೊದಲನೆಯವರಿಗೆ ೧೯೫೬ರಲ್ಲಿ, ಎರಡನೆಯವರಿಗೆ ೧೯೬೮ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆಯ್ಕೆಯಾದವರಲ್ಲಿ ಒಬ್ಬರಿಗೂ ಅದು ದೊರೆಯಲಿಲ್ಲ.

೧೯೦೫ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಇಂಥ ಪರೀಕ್ಷೆಯನ್ನು ರಚಿಸಿದುದು ಯಾವ ಮಗುವಿಗೆ ಹೆಚ್ಚಿನ ನೆರವು ಬೇಕೆಂದು ಅರಿಯುವುದಕ್ಕಾಗಿ. ಅದನ್ನೇ ಮುಂದೆ ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಬಿನೆಯ ಆ ಮೂಲೋದ್ದೇಶವನ್ನು ನೆನೆದರೆ ನಮ್ಮ ಪ್ರಶ್ನೆಗೆ ಉತ್ತರ ಕಷ್ಟವಲ್ಲ. ಇಬ್ಬರು ಸೋದರಿಯರನ್ನೂ ಶಿಫಾರಸು ಮಾಡಬೇಕು. ಅವರ ತರಗತಿಯ ಕೆಲಸ, ಕುತೂಹಲ, ಒಂದು ಸಮಸ್ಯೆಯನ್ನು ಹಿಡಿದು ಕೂರುವ ತಾಳ್ಮೆ, ಇವುಗಳನ್ನೂ ನೋಡಿ ತೀರ್ಮಾನಿಸಬೇಕು. ಶಿಫಾರಸೆಂಬುದು ಇನ್ನೊಮ್ಮೆ ನೋಡಿರೆಂಬ ವಿನಂತಿಯೇ ಹೊರತು ತೀರ್ಪಲ್ಲ. ಅಳತೆಗೋಲಿಗೆ ಕಾಣದ ವ್ಯತ್ಯಾಸವನ್ನು ಒಂದೇ ಮನೆಯ ಇಬ್ಬರು ಮಕ್ಕಳ ನಡುವೆ ನಾವಾಗಿ ತಂದಿಡುವುದು ವಿಜ್ಞಾನವಲ್ಲ.